ಅಪ್ಪನ ಮೇಲೆ ಬಿದ್ದ ಬೆಳಕು

"ಆ ಚಿತ್ರದ ಮುಂದಿನಿಂದ ಸರೀರಿ! ಇಲ್ಲಾಂದ್ರೆ ಈ ಡಾಂಬರು ನಿಮ್ಮ ಮುಖಕ್ಕೇ ಬೀಳುತ್ತೆ!"

ಬೆನ್ನ ಹಿಂದಿನಿಂದ ಬಂದ ದನಿಗೆ ಚಿತ್ರಕಾರ ಎಲ್ಜಿಯಾರ್ ಬೆಚ್ಚಿಬಿದ್ದು ತಿರುಗಿದ.

ಬಾಗಿಲಲ್ಲಿ ಒಬ್ಬ ಹುಡುಗಿ... ಒಂದು ಕೈಯಲ್ಲಿ ದೋಣಿಗೆ ಬಳಿಯುವ ಡಾಂಬರಿನ ಮಡಕೆ, ಇನ್ನೊಂದು ಕೈಯಲ್ಲಿ ಅಂಗೈಯಗಲದ ಕುಂಚ. ತಲೆಯ ಬಿಳಿ ಟೋಪಿ ಜಾರಿ ಹೆಗಲಿಗೆ ಬಿದ್ದಿತ್ತು. ಲಂಗದ ಅಂಚಿನ ತುಂಬ ದಾರಿಯ ಧೂಳು. ಕಣ್ಣಲ್ಲಿ ಮಾತ್ರ ಬೆಂಕಿ!

ಮಾರ್ಸೇಯ್ ಪಟ್ಟಣದ ಆ ಚಿತ್ರಶಾಲೆಗೆ ಬರುವವರೆಲ್ಲ ಬಾಗಿಲು ತಟ್ಟಿ, ನಮಸ್ಕಾರ ಹೇಳಿ, ಮೆಲ್ಲಗೆ ಒಳಗೆ ಬರುತ್ತಿದ್ದರು. ಡಾಂಬರು ಹಿಡಿದು ನುಗ್ಗಿದವಳು ಇವಳೇ ಮೊದಲು.

"ಯಾರಮ್ಮಾ ನೀವು?"

"ಅಮ್ಮ ಗಿಮ್ಮ ಅನ್ಬೇಡಿ! ನಾನು ರೊಸೊಲೀನ್. ಸೇಂತ್-ಎಸ್ತೆಲ್ ಬಂದರಿನವಳು. ಅಗೋ, ನಿಮ್ಮ ಚಿತ್ರದಲ್ಲಿ ಕೆಂಪು ಸೊಂಟಪಟ್ಟಿ ಕಟ್ಟಿಕೊಂಡು ದೋಣೀಲಿ ನಿಂತಿದ್ದಾರಲ್ಲ... ಅವರ ಮಗಳು!"

ಎಲ್ಜಿಯಾರ್‌ನ ಮುಖದ ರಕ್ತವೆಲ್ಲ ಇಳಿದುಹೋಯಿತು.

ಅವನ ಹಿಂದೆ ಗೋಡೆಯೆತ್ತರದ ಚಿತ್ರ. ಕಪ್ಪು ಮೋಡ, ಬಂಡೆಗೆ ಬಡಿದು ಸೀಳಿದ ಹಡಗು, ಮುರಿದ ಕಂಬ, ಬಂಡೆಯ ಮೇಲೆ ತೆವಳುತ್ತಿರುವ ನಾವಿಕರು. ನಡುವೆ ಒಂದು ಪುಟ್ಟ ದೋಣಿ, ಅದರಲ್ಲಿ ಒಬ್ಬನೇ ಒಬ್ಬ ಮನುಷ್ಯ. ಮೋಡದ ಬಿರುಕಿನಿಂದ ಇಳಿದ ಬೆಳಕೆಲ್ಲ ನೇರವಾಗಿ ಅವನ ಮೇಲೆ!

ಅವನು ಬಾರ್ನಬೆ. ರೊಸೊಲೀನ್‌ಳ ಅಪ್ಪ. ಹೊರಗಿನ ಹಡಗುಗಳನ್ನು ಬಂಡೆಗಳ ನಡುವಿನಿಂದ ಬಂದರಿಗೆ ತರುತ್ತಿದ್ದ ಚುಕ್ಕಾಣಿಗಾರ.

ಅವಳು ಚಿತ್ರದತ್ತ ಒಂದು ಹೆಜ್ಜೆ ಇಟ್ಟಳು. ಅದೇ ಹೆಗಲು. ಎಡಗಾಲು ತುಸು ಮುಂದಿಟ್ಟು ನಿಲ್ಲುವ ಅದೇ ಠೀವಿ... 'ಅಪ್ಪಾ!' ಎಂದು ಕರೆದರೆ ಓಗೊಟ್ಟೇ ಬಿಡುವರೇನೋ!

ಇಲ್ಲ. ಅಳುವುದಕ್ಕೆ ಬಂದವಳಲ್ಲ ಅವಳು.

"ನಮ್ಮಪ್ಪ ಎಲ್ಲಿದ್ದಾರೆ ಹೇಳಿ. ಜಿನೋವಾಗೆ ಓಡಿಹೋದ್ರಾ? ಸ್ಪೇನಿಗಾ? ಎಲ್ಲಿದ್ರೂ ಸರಿ, ನಾನೇ ಹೋಗಿ ಕುತ್ತಿಗೆಪಟ್ಟಿ ಹಿಡಿದು ಎಳ್ಕೊಂಡು ಬರ್ತೀನಿ!"

"ಓಡಿಹೋಗೋದಾ?" ಎಲ್ಜಿಯಾರ್ ತಬ್ಬಿಬ್ಬಾದ. "ಅವರು... ಅವರು ತೀರಿಕೊಂಡ್ರು. ನಾನು ಕಣ್ಣಾರೆ ನೋಡಿದೆ."

"ಹೌದಾ? ಸತ್ತವರ ಮೇಲೆ ಯಾಕ್ರೀ ಬೆಳಕು ಬಿಟ್ರಿ ಮತ್ತೆ?"

ಅವನಿಗೆ ಏನೆಂದರೆ ಏನೂ ಅರ್ಥವಾಗಲಿಲ್ಲ. ಪಾಪ, ಹೇಗೆ ಅರ್ಥವಾಗಬೇಕು? ಅವನು ಕಲಿತದ್ದು ರೋಮಿನಲ್ಲಿ, ದೊಡ್ಡ ಗುರುಗಳ ಬಳಿ. ನಮ್ಮ ಸೇಂತ್-ಎಸ್ತೆಲ್‌ನವರು ಚಿತ್ರ ಎಂದು ನೋಡಿದ್ದು ಕಡಲ ಮಾತೆಯ ಚರ್ಚಿನಲ್ಲಿ ಮಾತ್ರ.

ಕಡಲಿನಿಂದ ಬದುಕಿ ಬಂದವನು ಒಂದು ಹಲಗೆಯ ಮೇಲೆ ಆ ಗಂಡಾಂತರವನ್ನು ಬರೆಸಿ ಮಾತೆಗೆ ಒಪ್ಪಿಸಬೇಕು. ಅದು ನಮ್ಮ ಹರಕೆ. ಮೂಲೆಯ ಮೋಡದಲ್ಲಿ ಮಾತೆ ಕುಳಿತಿರುತ್ತಾಳೆ. ಅವಳ ಬೆಳಕು ಯಾರ ಮೇಲೆ ಬಿದ್ದಿದೆಯೋ ಅವನು ಬದುಕಿದವನು. ಮುಳುಗಿದವರು ಕತ್ತಲಲ್ಲೇ ಇರುತ್ತಾರೆ, ತಲೆಯ ಮೇಲೊಂದು ಪುಟ್ಟ ಶಿಲುಬೆ ಹೊತ್ತು. ಬದುಕಿದವನು ಕೆಳಗಡೆ ಮಂಡಿಯೂರಿರುತ್ತಾನೆ, ಪಕ್ಕದಲ್ಲಿ ಹೆಂಡತಿ ಮಕ್ಕಳು. ಹಲಗೆಯ ಮೇಲೆ ಕೈಯಿಟ್ಟು ಪಾದ್ರಿಗಳ ಮುಂದೆ ಆಣೆ ಮಾಡಿದ ಮೇಲೆಯೇ ಅದು ಗೋಡೆಗೇರುವುದು. ಬಾಯಿ ಸುಳ್ಳಾಡಬಹುದು, ಚಿತ್ರ ಸುಳ್ಳಾಡದು. ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತಿರುವ ಮಾತಿದು.

ಹೋದ ಚಳಿಗಾಲದಲ್ಲಿ ಸಾಹುಕಾರ ಕಾರ್ಬೊನೆಲ್‌ನ ಹಡಗು ಒಡೆದಾಗ ನಮ್ಮೂರ ಗಂಡಸರು ಹಲವರು ಮುಳುಗಿಹೋದರು. ಬಾರ್ನಬೆಯ ಹೆಣ ಸಿಗಲಿಲ್ಲ. ಆದರೂ ಊರು ಅವನ ಹೆಸರಿಗೆ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿತು. ಹೆಂಡತಿ ಒನೊರಾಡ್ ಕರಿ ಶಾಲು ಹೊದ್ದಳು. 'ಚುಕ್ಕಾಣಿ ಬಿಟ್ಟು ಓಡಿದ' ಎಂದು ಸಾಹುಕಾರ ಗೊಣಗುತ್ತಿದ್ದರೂ ಯಾರೂ ನಂಬಿರಲಿಲ್ಲ.

ಆಮೇಲೆ ಬಂತು ಸಾಹುಕಾರ ದುಡ್ಡು ಕೊಟ್ಟು ಬರೆಸಿದ ಈ ಚಿತ್ರ. ಪ್ಯಾರಿಸ್‌ನ ದೊಡ್ಡ ಪ್ರದರ್ಶನಕ್ಕೆ ಕಳಿಸುವ ಮುನ್ನ ಸಾಹುಕಾರ ಅದನ್ನು ಮಾರ್ಸೇಯ್‌ನ ತನ್ನ ಗೋದಾಮಿನಲ್ಲಿ ನಿಲ್ಲಿಸಿ ಪಟ್ಟಣಕ್ಕೆಲ್ಲ ತೋರಿಸಿದ. ಉಪ್ಪುಮೀನು ಮಾರಲು ಹೋಗಿದ್ದ ನಮ್ಮೂರ ತೆರೆಸೋನ್ ಅದನ್ನು ನೋಡಿದಳು. ಅವಳ ತಮ್ಮನೂ ಆ ಹಡಗಿನಲ್ಲೇ ಸತ್ತಿದ್ದ. ಅವಳ ಹೊಟ್ಟೆಯೊಳಗಿನ ಸಂಕಟಕ್ಕೆ ಯಾರನ್ನಾದರೂ ಬೈಯಲೇಬೇಕಿತ್ತು...

"ಹೋದ ಭಾನುವಾರ ನೀರಿನ ತೊಟ್ಟಿ ಹತ್ರ ಏನಾಯ್ತು ಗೊತ್ತಾ?" ರೊಸೊಲೀನ್‌ಳ ದನಿ ಒಡೆಯಿತು. "'ಗಂಡ ಬದುಕಿರೋವಾಗ ಕರಿ ಶಾಲು ಹೊದ್ಕೊಂಡು ಯಾರಿಗೇ ನಾಟಕ ತೋರಿಸ್ತೀಯಾ' ಅಂತ, ಅಷ್ಟೂ ಜನರ ಮುಂದೆ ನಮ್ಮವ್ವನ ಶಾಲು ಕಿತ್ತು ಎಸೆದ್ರು! ಚರ್ಚಲ್ಲಿ ಅಪ್ಪನ ಬತ್ತಿ ಆರಿಸಿಬಿಟ್ರು! ನಮ್ಮವ್ವ ಬಿಸಿಲಲ್ಲಿ ಬರೀ ಹೆಗಲಲ್ಲಿ ನಿಂತಿದ್ಲು ಕಣ್ರೀ... ಒಂದು ಮಾತೂ ಆಡದೆ!"

"ದೇವರೇ..."

"ದೇವರನ್ನ ಯಾಕೆ ಕರೀತೀರಿ? ಬರೆದಿದ್ದು ದೇವರಲ್ಲ, ನೀವು!"

"ಆದ್ರೆ ನಾನು ಆಗಲೇ ಸಾಹುಕಾರರಿಗೆ ಎಲ್ಲಾ ಹೇಳಿದ್ದೆ! ನಿಮ್ಮಪ್ಪ ಇನ್ನೊಬ್ಬರನ್ನ ಉಳಿಸೋಕೆ ಹೋಗಿ ಸತ್ರು ಅಂತ. ನಿಮ್ಮ ಮನೆಗೆ ತಾವೇ ತಿಳಿಸ್ತೀವಿ ಅಂದಿದ್ರು."

"ನಮ್ಮ ಮನೆಗೆ ಸಾಹುಕಾರರಿರ್ಲಿ, ಅವರ ನಾಯಿನೂ ಬಂದಿಲ್ಲ!"

ಆಮೇಲೆ ಅವಳಿಗೆ ತಟ್ಟನೆ ಒಂದು ವಿಷಯ ಹೊಳೆಯಿತು. ಹೊಳೆದದ್ದೇ ತಡ, ಎದೆ ಉರಿದುಹೋಯಿತು.

"ಕಣ್ಣಾರೆ ನೋಡಿದೆ ಅಂದ್ರಲ್ಲ... ನೀವಲ್ಲಿ ಏನು ಮಾಡ್ತಿದ್ರಿ?"

ಎಲ್ಜಿಯಾರ್ ತಲೆ ತಗ್ಗಿಸಿದ.

"ಚಿತ್ರ ಬರೀತಾ ನಿಂತಿದ್ರಾ? ನಮ್ಮಪ್ಪ ಮುಳುಗ್ತಾ ಇರೋವಾಗ... ನೀವು ಮೋಡದ ಬಣ್ಣ ನೋಡ್ತಾ ನಿಂತಿದ್ರಾ?!"

ಅವನು 'ಇಲ್ಲ' ಎನ್ನಬಹುದಿತ್ತು. ಅನ್ನಲಿಲ್ಲ.

ಫಟ್! ಡಾಂಬರಿನ ಕುಂಚ ಅವನ ಬಿಳಿ ಅಂಗಿಯ ಎದೆಗೆ ಬಡಿದು ಕೆಳಗೆ ಬಿತ್ತು.

ಅವನು ಒರೆಸಿಕೊಳ್ಳಲಿಲ್ಲ. ಚಿತ್ರದ ಮುಂದಿನಿಂದ ಸರಿಯಲೂ ಇಲ್ಲ. ಮೆಲ್ಲಗೆ ಹೇಳಿದ್ದಿಷ್ಟೇ:

"ನಡೀರಿ. ಈಗಲೇ ನಿಮ್ಮೂರಿಗೆ ಬರ್ತೀನಿ. ನೋಡಿದ್ದನ್ನ ಎಲ್ಲರ ಮುಂದೆ ಹೇಳ್ತೀನಿ."

ಡಾಂಬರಿನ ಮಡಕೆ ಅಲ್ಲೇ ಉಳಿಯಿತು.

* * *

ಮಾರ್ಸೇಯ್‌ನಿಂದ ನಮ್ಮೂರಿಗೆ ಬಿಳಿ ಬಂಡೆಗಳ ಅಂಚಿನ ದಾರಿ. ಒಂದು ಕಡೆ ಪೈನ್ ಮರಗಳು, ಇನ್ನೊಂದು ಕಡೆ ಪಾತಾಳದಲ್ಲಿ ಕಡಲು. ರೊಸೊಲೀನ್ ಮುಂದೆ ಮುಂದೆ ದುಡುದುಡು ನಡೆದಳು. ಅವನು ಹಿಂದೆ.

ಒಂದು ವಿಚಿತ್ರ ಅವಳ ಗಮನಕ್ಕೆ ಬಂತು. ದಾರಿ ಕಡಲಿನ ಅಂಚಿಗೆ ಬಂದಾಗಲೆಲ್ಲ ಅವನು ಒಳಗಡೆಗೆ ಸರಿದು, ಗುಡ್ಡ ಹಿಡಿದುಕೊಂಡು ನಡೆಯುತ್ತಿದ್ದ.

"ಏನ್ರೀ ಇದು? ಕಡಲಿನ ಚಿತ್ರ ಬರೆಯೋರಿಗೆ ಕಡಲು ಕಂಡ್ರೆ ಭಯಾನಾ?"

"ಮುಂಚೆ ಇರಲಿಲ್ಲ."

"ಅಯ್ಯೋ! ಬೆಕ್ಕಿಗೆ ಮೀನು ಕಂಡ್ರೆ ಭಯ ಅಂದಂಗಾಯ್ತು!"

ಅವನು ನಕ್ಕ. ಎದೆಯ ಮೇಲೆ ಡಾಂಬರು ಮೆತ್ತಿಕೊಂಡು ನಗುವ ಗಂಡಸನ್ನು ಅವಳು ಎಂದೂ ನೋಡಿರಲಿಲ್ಲ. ತನಗೂ ನಗು ಬಂದಂತಾಗಿ ಬೇಗ ಮುಖ ತಿರುಗಿಸಿದಳು.

'ಥೂ! ನಗಬೇಡ ಕಣೇ ರೊಸೊಲೀನ್. ಇವನು ನಿನ್ನ ಶತ್ರು.'

ನೆರಳಿನಲ್ಲಿ ಕುಳಿತಾಗ ಅವಳು ಗಂಟು ಬಿಚ್ಚಿದಳು. ಬೆಳ್ಳುಳ್ಳಿ ಉಜ್ಜಿದ ರೊಟ್ಟಿ, ಒಂದು ಹಿಡಿ ಆಲಿವ್ ಕಾಯಿ. ಮುರಿದು ಅರ್ಧ ಅವನ ಕಡೆ ಚಾಚಿದಳು.

"ತಗೊಳ್ಳಿ. ಪ್ರೀತಿಯಿಂದ ಕೊಡ್ತಿಲ್ಲ. ದಾರೀಲಿ ಬಿದ್ದುಬಿಟ್ರೆ ಸಾಕ್ಷಿ ಹೇಳೋರು ಯಾರು ಅಂತ."

"ಗೊತ್ತಾಯ್ತು." ಅವನು ರೊಟ್ಟಿ ತೆಗೆದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದ. "ನಿಮ್ಮಪ್ಪ... ಹೇಗಿದ್ರು? ಮನೇಲಿ?"

ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ. ಊರಿಗೆಲ್ಲ ಬೇಕಾಗಿದ್ದುದು ಬಾರ್ನಬೆ ಸತ್ತನೋ ಓಡಿದನೋ ಎಂಬುದಷ್ಟೇ. ಬದುಕಿದ್ದಾಗ ಹೇಗಿದ್ದ ಎಂದು ಯಾರಿಗೆ ಬೇಕಿತ್ತು?

"ಗೊರಕೆ ಹೊಡೀತಿದ್ರು," ಎಂದಳು ಅವಳು. "ಬಂದರಿನವರೆಗೂ ಕೇಳಿಸೋದು. ಅವ್ವ ಬೈಯ್ಯೋಳು. ಈಗ ಅದು ಕೇಳಿಸದೆ ಅವ್ವನಿಗೆ ನಿದ್ದೆ ಬರಲ್ಲ... ಆ ದಿನ ಹೊರಡೋವಾಗ ಹೇಳಿದ್ರು, 'ಆ ಹಡಗಿನ ಲಂಗರಿನ ಹಗ್ಗ ಕೊಳೆತುಹೋಗಿದೆ. ಸಾಹುಕಾರನಿಗೆ ಹೇಳ್ದೆ, ಕೇಳಲ್ಲ' ಅಂತ. ಹೇಳಿ ಹೋದೋರು..."

ಎಲ್ಜಿಯಾರ್ ತನ್ನ ಪಾಲಿನ ಆಲಿವ್ ಕಾಯಿಗಳನ್ನೆಲ್ಲ ಸುಮ್ಮನೆ ಅವಳ ಕಡೆ ಸರಿಸಿದ. ಅವನ ಕಣ್ಣೂ ಒದ್ದೆಯಾಗಿತ್ತು.

'ಇವನು ನಿಂತು ನೋಡುವವನಲ್ಲ... ಅಲ್ಲವೇ ಅಲ್ಲ...' ಎಂದಿತು ಅವಳ ಮನಸ್ಸು. 'ಹಾಗಾದರೆ ಇಲ್ಲ ಎಂದು ಯಾಕೆ ಹೇಳಲಿಲ್ಲ?'

* * *

ನೀರಿನ ತೊಟ್ಟಿಯ ಬಳಿ ಊರೇ ನೆರೆಯಿತು. ಸುದ್ದಿಗೆ ಕಾಲು ಬೇಕೇ?

ಎಲ್ಜಿಯಾರ್ ಎಲ್ಲರೆದುರು ನಿಂತು ಹೇಳಿದ. ಬಾರ್ನಬೆ ಕೊನೆಯವರೆಗೂ ಚುಕ್ಕಾಣಿ ಬಿಡಲಿಲ್ಲ. ಹಡಗು ಒಡೆದ ಮೇಲೆ ಉಳಿದಿದ್ದ ಗ್ರೀಕ್ ನಾವಿಕರನ್ನು ದೋಣಿಯಲ್ಲಿ ಬಂಡೆಗೆ ತಲುಪಿಸಿದ. ಅಷ್ಟರಲ್ಲಿ ಯಾರೋ ಒಬ್ಬ ನೀರಿಗೆ ಬಿದ್ದ. ಅವನನ್ನು ಉಳಿಸಲು ಹಾರಿ, ತಾನು ಮುಳುಗಿದ. ಆ ಗ್ರೀಕರು ಮುಂದಿನ ಹಡಗಿಗೇ ತಮ್ಮ ದೇಶಕ್ಕೆ ಹೊರಟುಹೋದರು.

ಒನೊರಾಡ್ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಹೆಗಲು ಬರಿದಾಗಿತ್ತು.

ತೆರೆಸೋನ್ ಸೊಂಟಕ್ಕೆ ಕೈಯಿಟ್ಟುಕೊಂಡು ಮುಂದೆ ಬಂದಳು.

"ಅಲ್ಲ ಸ್ವಾಮಿ, ಎಲುಬಿಲ್ಲದ ನಾಲಿಗೆ ಏನು ಬೇಕಾದ್ರೂ ಆಡುತ್ತೆ. ಬರೆಯೋವಾಗ ಬೆಳಕು ಬಿಟ್ಟು ಬದುಕಿಸಿದ್ರಿ, ಈಗ ಬಾಯಲ್ಲಿ ಸಾಯಿಸ್ತಿದ್ದೀರಿ. ಯಾವುದನ್ನ ನಂಬೋಣ?"

"ಬೆಳಕು ಅಂದ್ರೆ ನಮ್ಮಲ್ಲಿ..."

"ನಿಮ್ಮಲ್ಲಿ ಹೇಗೋ ನಮಗೆ ಗೊತ್ತಿಲ್ಲ. ಇರ್ಲಿ, ಒಂದೇ ಮಾತು. ಆ ನೀರಿಗೆ ಬಿದ್ದವನು ಯಾರು? ಬಾರ್ನಬೆ ಉಳಿಸಿದ್ದು ನಿಜ ಆದ್ರೆ ಅವನು ಬದುಕಿರ್ಬೇಕಲ್ಲ? ಕರ್ಕೊಂಡು ಬನ್ನಿ! ಹರಕೆ ಹಲಗೆ ಒಪ್ಪಿಸಿ ಆಣೆ ಮಾಡ್ಲಿ!"

ಎಲ್ಜಿಯಾರ್ ಬಾಯಿ ತೆರೆದ. ಒನೊರಾಡ್‌ಳ ಬರಿ ಹೆಗಲು ನೋಡಿದ. ರೊಸೊಲೀನ್‌ಳ ಮುಖ ನೋಡಿದ. ಆಸೆಯಿಂದ ತುಂಬಿದ್ದ ಆ ಮುಖ...

"ಹೇಳ್ರೀ!" ರೊಸೊಲೀನ್ ಕೂಗಿದಳು. "ಹೆಸರು ಹೇಳಿ! ಎಲ್ಲಿದ್ರೂ ಹುಡುಕಿ ತರ್ತೀನಿ!"

"ನನಗೆ... ಹೇಳೋಕೆ ಆಗ್ತಿಲ್ಲ."

ಗೊಳ್ಳೆಂದು ನಕ್ಕಿತು ಊರು. "ಹುಡುಗಿ ಚೆನ್ನಾಗಿದ್ದಾಳೆ ನೋಡಿ, ಕಟ್ಟುಕತೆಗೇನು ಬರ!" ಎಂದರು ಯಾರೋ. ಇನ್ನಷ್ಟು ನಗು.

ರೊಸೊಲೀನ್‌ಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಶಾಲು ಕಿತ್ತ ದಿನಕ್ಕಿಂತ ಇದು ಹೆಚ್ಚು ನೋಯಿಸಿತು. ಅಂದು ಕಿತ್ತವರು ಬೇರೆಯವರು. ಇಂದು ಇವನನ್ನು ನಂಬಿ ಕರೆತಂದವಳು ತಾನೇ!

"ಹೋಗಿ!" ಎಂದಳು ಅವಳು, ಹಲ್ಲು ಕಚ್ಚಿ. "ನಮ್ಮವ್ವನ ಅವಮಾನ ಸಾಲದು ಅಂತ ಇನ್ನೊಂದು ಸೇರಿಸೋಕೆ ಬಂದ್ರಾ? ಇನ್ನೊಂದು ಸಲ ನನ್ನ ಕಣ್ಣೆದುರು ಬರಬೇಡಿ!"

ಅವನು ಹೋದ. ಡಾಂಬರಿನ ಅಂಗಿಯಲ್ಲೇ, ಗುಡ್ಡದ ಕಡೆ ಒರಗಿಕೊಂಡು.

ಮನೆಯೊಳಗೆ ಬಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಒನೊರಾಡ್ ಮಗಳ ತಲೆ ಸವರಿದಳು.

"ಆ ಹುಡುಗ ಸುಳ್ಳಾಡ್ತಿಲ್ಲ ಕಣೇ. ಏನನ್ನೋ ನುಂಗ್ತಿದ್ದಾನೆ."

"ನುಂಗ್ಲಿ! ಗಂಟಲಲ್ಲಿ ಸಿಕ್ಕಿಹಾಕ್ಕೊಳ್ಳಲಿ!"

"ಅಷ್ಟು ಕೋಪ ಬೇರೆಯವರ ಮೇಲೆ ಬರಲ್ಲ ಮಗಳೇ," ಎಂದಳು ತಾಯಿ.

ರೊಸೊಲೀನ್ ಕಣ್ಣೊರೆಸಿಕೊಂಡು ಬಲೆ ಎಳೆದುಕೊಂಡಳು. ಬಲೆ ಹೆಣೆಯುವಾಗ, ನೀರು ತರುವಾಗ, ಆರಿಸಿದ ಬತ್ತಿಯ ಖಾಲಿ ಜಾಗ ನೋಡುವಾಗ... ನಡುವೆ ಎಲ್ಲಿಂದಲೋ ಆ ಆಲಿವ್ ಕಾಯಿಗಳು ನೆನಪಾಗುತ್ತಿದ್ದವು. ನೆನಪಾದಾಗಲೆಲ್ಲ ಅವಳಿಗೆ ತನ್ನ ಮೇಲೇ ಸಿಟ್ಟು.

* * *

ಕಡಲ ಮಾತೆಯ ಹಬ್ಬ ಬಂತು.

ಚರ್ಚಿನ ಮೊದಲ ಸಾಲಿನಲ್ಲಿ ಸಾಹುಕಾರ ಕಾರ್ಬೊನೆಲ್, ರೇಷ್ಮೆ ಕೋಟು, ಪುಡಿ ಹಚ್ಚಿದ ಕೂದಲು. ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ, ಬೂದು ಬಣ್ಣದ ಉಡುಪಿನಲ್ಲಿ ಒನೊರಾಡ್. ಕರಿ ಉಟ್ಟರೆ ಬೈಗುಳ, ಬಣ್ಣ ಉಡಲು ಮನಸ್ಸಿಲ್ಲ. ನೋಡಿ, ಎಂಥ ನ್ಯಾಯ! ಹಗ್ಗ ಕೊಳೆಯಲು ಬಿಟ್ಟವನಿಗೆ ಮೊದಲ ಸಾಲು, ಗಂಡನನ್ನು ಕಳೆದುಕೊಂಡವಳಿಗೆ ಕಂಬದ ಮರೆ!

ಪಾದ್ರಿಗಳು ಪ್ರಾರ್ಥನೆ ಶುರುಮಾಡಬೇಕು ಎನ್ನುವಷ್ಟರಲ್ಲಿ ಬಾಗಿಲ ಬಳಿ ಗುಸುಗುಸು ಎದ್ದಿತು.

"ಯಾರೋ ಬರಿಗಾಲಲ್ಲಿ ಬರ್ತಿದ್ದಾರೆ!"

ನಮ್ಮಲ್ಲಿ ಬರಿಗಾಲಲ್ಲಿ, ಬರೀ ಅಂಗಿಯಲ್ಲಿ, ಎದೆಗೆ ಹಲಗೆ ಅವಚಿಕೊಂಡು ಬರುವವನು ಒಬ್ಬನೇ. ಕಡಲಿನ ಬಾಯಿಂದ ಉಳಿದು ಬಂದವನು.

ರೊಸೊಲೀನ್ ತಿರುಗಿ ನೋಡಿದಳು.

ಎಲ್ಜಿಯಾರ್!

ಕಲ್ಲುದಾರಿಯಲ್ಲಿ ನಡೆದ ಅವನ ಪಾದಗಳಿಂದ ರಕ್ತ ಒಸರುತ್ತಿತ್ತು. ಅಂಗಿಯ ಎದೆಯ ಮೇಲೆ ಅದೇ ಡಾಂಬರಿನ ಕಲೆ. ಯಾರ ಕಡೆಯೂ ನೋಡದೆ ನೇರ ಮುಂದೆ ಹೋಗಿ, ಹಲಗೆಯನ್ನು ಪೀಠದ ಬಳಿ ಇಟ್ಟು, ಅದರ ಮೇಲೆ ಕೈಯಿಟ್ಟ.

ಸಣ್ಣ ಹಲಗೆ. ನಮ್ಮೂರಿನ ಚಿತ್ರಗಳ ಹಾಗೆಯೇ ಸರಳವಾಗಿ ಬರೆದದ್ದು. ಮೂಲೆಯ ಮೋಡದಲ್ಲಿ ಮಾತೆ. ಕತ್ತಲ ನೀರಿನಲ್ಲಿ ಕೆಂಪು ಸೊಂಟಪಟ್ಟಿಯ ಮನುಷ್ಯ, ಎರಡೂ ಕೈಯಲ್ಲಿ ಒಬ್ಬನನ್ನು ಮೇಲಕ್ಕೆತ್ತಿ ಹಿಡಿದಿದ್ದಾನೆ. ಕೆಂಪು ಪಟ್ಟಿಯವನ ತಲೆಯ ಮೇಲೆ ಪುಟ್ಟ ಶಿಲುಬೆ. ಮೇಲಕ್ಕೆ ಬಂದವನ ಮೇಲೆ ಬೆಳಕು, ಕೆಳಗಡೆ ಮಂಡಿಯೂರಿದವನೂ ಅವನೇ...

ಬೆಳಕು ಬಿದ್ದವನ ಮುಖ ಎಲ್ಜಿಯಾರ್‌ನದು.

"ನೀರಿಗೆ ಬಿದ್ದವನು ನಾನು," ಎಂದ ಅವನು. ದನಿ ಎಲ್ಲರಿಗೂ ಕೇಳಿಸಿತು. "ಬಿರುಗಾಳೀನ ಹತ್ತಿರದಿಂದ ನೋಡ್ಬೇಕು ಅಂತ ಬಂಡೆಗೆ ಇಳಿದಿದ್ದೆ. ಹುಚ್ಚು ಹಟ. ಅಲೆ ಎಳ್ಕೊಂಡು ಹೋಯ್ತು. ಬಾರ್ನಬೆಯವರು ಎಲ್ಲರನ್ನೂ ಬಂಡೆಗೆ ಹತ್ತಿಸಿ ದೋಣೀಲಿ ಒಬ್ಬರೇ ಉಳಿದಿದ್ರು. ಒಂದು ಹೆಜ್ಜೆ ಇಟ್ಟಿದ್ರೆ ಬದುಕ್ತಿದ್ರು... ನನ್ನ ಕೂಗು ಕೇಳಿ ತಿರುಗಿದ್ರು. ನನ್ನ ಹೆಸರೂ ಗೊತ್ತಿಲ್ಲ ಅವರಿಗೆ. ಆದ್ರೂ ಹಾರಿದ್ರು. ನನ್ನನ್ನ ಮೇಲಕ್ಕೆ ನೂಕಿದ್ರು. ಆಮೇಲೆ ಬಂದ ಅಲೆ ಅವರನ್ನ ಬಿಡಲಿಲ್ಲ."

ಅವನು ಹಲಗೆಯ ಮೇಲಿಂದ ಕೈ ತೆಗೆಯದೆ ಮುಂದುವರಿಸಿದ.

"ದೊಡ್ಡ ಚಿತ್ರದಲ್ಲಿ ನಾನು ಬರೆದದ್ದು ಅವರು ತಿರುಗಿ ನೋಡಿದ ಆ ಗಳಿಗೆ. ಅವರು ಬದುಕಿದ್ದ ಕೊನೇ ಗಳಿಗೆ. ಅದರ ಮುಂದಿನದನ್ನ ಬರೆಯೋಕೆ ನನ್ನ ಕೈ ಏಳಲಿಲ್ಲ. ಕಡಲಿನಿಂದ ಬಂದ ಮೇಲೆ ಜ್ವರದಲ್ಲಿ ಬಿದ್ದಿದ್ದೆ. ಎದ್ದ ದಿನವೇ ಹೋಗಿ ಇಷ್ಟನ್ನೂ ಒಬ್ಬರಿಗೆ ಹೇಳಿದೆ, ಈ ಮನೆಯವರಿಗೆ ತಿಳಿಸಿ ಅಂತ..."

ಅವನಿನ್ನೂ ಹೆಸರೇ ಹೇಳಿರಲಿಲ್ಲ.

ಕಾರ್ಬೊನೆಲ್ ಧಡಕ್ಕನೆ ಎದ್ದ. "ನಾನು ಯಾರನ್ನೂ ಹೇಡಿ ಅನ್ನಲಿಲ್ಲ! ಹಗ್ಗ ಚೆನ್ನಾಗೇ ಇತ್ತು!"

"ಹಗ್ಗದ ಮಾತು ಇಲ್ಲಿ ಯಾರೆತ್ತಿದ್ರು?" ಎಂದಿತು ಹಿಂದಿನಿಂದ ಒಂದು ದನಿ. ತೆರೆಸೋನ್! ಅವಳ ಮುಖ ಸುಣ್ಣದಂತಾಗಿತ್ತು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ್ರಲ್ಲ ಸಾಹುಕಾರ್ರೇ! ನನ್ನ ತಮ್ಮನ್ನ ನುಂಗಿದ್ದು ನಿಮ್ಮ ಕೊಳೆತ ಹಗ್ಗ... ನಾನು ಈ ಪಾಪದ ಹೆಂಗಸಿನ ಶಾಲು ಕಿತ್ತೆನಲ್ಲಾ..."

ಸಾಹುಕಾರ ಎಲ್ಜಿಯಾರ್ ಕಡೆ ಬೆರಳು ತೋರಿಸಿದ. "ನಿನ್ನ ಚಿತ್ರ ನೀನೇ ಇಟ್ಕೋ! ಪ್ಯಾರಿಸ್‌ಗೆ ಹೇಗೆ ಕಳಿಸ್ತೀಯೋ ನೋಡ್ತೀನಿ!" ರೇಷ್ಮೆ ಕೋಟು ಬಾಗಿಲು ದಾಟಿತು. ದಾರಿ ಬಿಡಲು ಯಾರೂ ಸರಿಯಲಿಲ್ಲ, ಅವನೇ ನುಸುಳಿಕೊಂಡು ಹೋಗಬೇಕಾಯಿತು.

ತೆರೆಸೋನ್ ಮನೆಗೆ ಓಡಿಹೋಗಿ ಆ ಕರಿ ಶಾಲು ತಂದಳು. ಅಂದು ಎಸೆದದ್ದನ್ನು ಎತ್ತಿಕೊಂಡು, ಒಗೆದು ಮಡಿಸಿ ಇಟ್ಟಿದ್ದಳು, ಅದೇಕೋ. ಒನೊರಾಡ್‌ಳ ಕೈಗೆ ಕೊಡಹೋದಳು.

ಒನೊರಾಡ್ ಕೈ ಚಾಚಲಿಲ್ಲ. ಇಷ್ಟು ದಿನ ಒಂದು ಮಾತೂ ಆಡದವಳು ತಲೆಯೆತ್ತಿ ಹೇಳಿದಳು:

"ಕೈಗೆ ಕೊಡಬೇಡ ತೆರೆಸೋನ್. ಜನರ ಮುಂದೆ ಕಿತ್ಕೊಂಡೆ. ಜನರ ಮುಂದೆಯೇ ಹೊದಿಸು."

ತೆರೆಸೋನ್ ಅಳುತ್ತಾ ಹೊದಿಸಿದಳು. ಒನೊರಾಡ್ ಅವಳನ್ನು ತಬ್ಬಿಕೊಂಡಳು. "ನಿನ್ನ ತಮ್ಮನಿಗೂ ನಾನು ಅತ್ತಿದ್ದೀನಿ ಕಣೇ," ಎಂದಳು.

ಬಾರ್ನಬೆಯ ಬತ್ತಿ ಮತ್ತೆ ಹೊತ್ತಿತು.

ರೊಸೊಲೀನ್ ಅಲ್ಲಿರಲಿಲ್ಲ.

* * *

ಅವಳು ಬಂದರಿನ ಕಲ್ಲುಗೋಡೆಯ ಮೇಲೆ ಕುಳಿತಿದ್ದಳು. ಅಪ್ಪ ಸತ್ತಿದ್ದಾರೆ. ನಿಜವಾಗಿಯೂ ಸತ್ತಿದ್ದಾರೆ. ಎಲ್ಲೋ ಬದುಕಿರಬಹುದು ಎಂಬ ಸಣ್ಣ ಆಸೆಯೊಂದು ಕೋಪದ ಕೆಳಗೆ ಬಚ್ಚಿಟ್ಟುಕೊಂಡಿತ್ತು ಎಂದು ಅವಳಿಗೆ ಗೊತ್ತಾದದ್ದೇ ಈಗ.

ಹಿಂದೆ ಹೆಜ್ಜೆ ಸದ್ದು. ಅವನು ಬಂದು, ಕಡಲಿನ ಕಡೆಯ ಅಂಚಿಗೇ ಬಂದು ನಿಂತ. ಕೈಯಲ್ಲಿ ಅವಳ ಡಾಂಬರಿನ ಮಡಕೆ, ಚರ್ಚಿನ ಹೊರಗೆ ಇಟ್ಟು ಬಂದಿದ್ದದ್ದು!

"ಚಿತ್ರ ಬರೀತಾ ನಿಂತಿದ್ರಿ ಅಂದುಕೊಂಡಿದ್ದೆ," ಎಂದಳು ಅವಳು, ತಿರುಗದೆ. "ಯಾಕೆ ಇಲ್ಲ ಅನ್ನಲಿಲ್ಲ?"

"ಹಾಗೇ ಅಂದುಕೊಳ್ಳಲಿ ಅಂತ ಬಿಟ್ಟೆ. ನಿಜಕ್ಕಿಂತ ಅದೇ ಹಗುರ ಅನ್ನಿಸ್ತು. ನಿಮ್ಮಪ್ಪನ ಬದಲು ಬದುಕಿರೋನು ನಾನು ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಮೂರ್ಖರು ನೀವು!" ಅವಳು ಸರ್ರನೆ ಎದ್ದಳು. "ಅಪ್ಪ ನಿಮ್ಮನ್ನ ಉಳಿಸಿದ್ದಕ್ಕೆ ನನಗೆ ಕೋಪಾನಾ? ಅವರು ಬೆಕ್ಕು ಬಿದ್ದಿದ್ರೂ ಹಾರೋರು! ಅವರೇ ಹಾಗೆ! ನಮ್ಮವ್ವನ ಬರಿ ಹೆಗಲು ನೋಡ್ಕೊಂಡು ಬಾಯಿ ಮುಚ್ಕೊಂಡು ನಿಂತ್ರಲ್ಲ... ಅದಕ್ಕೆ ಕೋಪ! ನಾನು ನಂಬಿದ್ದೆ ನಿಮ್ಮನ್ನ! ಅದಕ್ಕೆ ಕೋಪ!"

"ಅದು ತಪ್ಪು. ದೊಡ್ಡ ತಪ್ಪು." ಅವನು ಮಡಕೆಯನ್ನು ಅವಳ ಮುಂದಿಟ್ಟ. "ಆ ಚಿತ್ರ ಈಗ ನನ್ನದೇ. ನೀವು ಬಳಿಯೋಕೆ ಬಂದಿದ್ರಿ, ನಾನು ಅಡ್ಡ ನಿಂತೆ. ಬನ್ನಿ, ಬಳೀರಿ. ಅಥವಾ ಬೆಳಕನ್ನ ನಾನೇ ಅಳಿಸ್ತೀನಿ."

ಅವಳು ಮಡಕೆ ನೋಡಿದಳು. ಅವನ ರಕ್ತಸಿಕ್ತ ಪಾದ ನೋಡಿದಳು.

"ಪ್ಯಾರಿಸ್‌ನಲ್ಲಿ... ಬೆಳಕು ಬಿದ್ದವನನ್ನ ಜನ ಏನಂತಾರೆ?"

"ಎಲ್ಲರಿಗಿಂತ ದೊಡ್ಡ ಮನುಷ್ಯ ಅಂತಾರೆ."

"ಅಲ್ಲಿ ಯಾರಿಗೂ ನಮ್ಮ ಚರ್ಚಿನ ಲೆಕ್ಕ ಗೊತ್ತಿಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ಬೆಳಕು ಇರ್ಲಿ. ಹೊತ್ಕೊಂಡಾದ್ರೂ ಹೋಗಿ ತೋರಿಸಿ. ರಾಜನೂ ನೋಡ್ಲಿ ನಮ್ಮಪ್ಪನ್ನ!"

ಹೇಳುತ್ತಾ ಹೇಳುತ್ತಾ ಅವಳ ಅಳು ಕಟ್ಟೆಯೊಡೆಯಿತು. ಅವನು ಹತ್ತಿರ ಬಂದ. ಅವಳು ಅವನ ಎದೆಯ ಮೇಲಿನ ಡಾಂಬರಿನ ಕಲೆಗೇ ಹಣೆಯಿಟ್ಟು ಅತ್ತಳು.

ಚರ್ಚಿನ ಮೆಟ್ಟಿಲಿನಿಂದ ಒನೊರಾಡ್ ಕೂಗಿದಳು: "ಏಯ್ ರೊಸೊಲೀನ್! ನಿಮ್ಮಪ್ಪ ಉಳಿಸಿದ ಜೀವಾನ ನೀನು ಬೈದು ಬೈದು ಸಾಯಿಸ್ಬೇಡ ಕಣೇ! ಸೂಪು ಆರ್ತಾ ಇದೆ, ಕರ್ಕೊಂಡು ಬಾ!"

ಅವಳು ಕಣ್ಣೊರೆಸಿಕೊಂಡು ದೂರ ಸರಿದಳು. "ಕೋಪ ಇನ್ನೂ ಹೋಗಿಲ್ಲ, ತಿಳ್ಕೊಳ್ಳಿ!"

"ಎಷ್ಟು ದಿನ ಇರುತ್ತೆ?"

"ಜೀವಮಾನ ಪೂರ್ತಿ."

"ಹಾಗಾದ್ರೆ ಜೀವಮಾನ ಪೂರ್ತಿ ಹತ್ತಿರದಲ್ಲೇ ಇರ್ಬೇಕಾಗುತ್ತೆ. ದೂರದಿಂದ ಬೈದ್ರೆ ನನಗೆ ಕೇಳಿಸಲ್ಲ."

ಅವಳ ಕೆನ್ನೆ ಕೆಂಪೇರಿತು. ಸ್ವಲ್ಪ ಹೊತ್ತು ಕಡಲನ್ನೇ ನೋಡಿ, ಮೆಲ್ಲಗೆ ಕೇಳಿದಳು:

"ಆ ಹಲಗೇಲಿ ಕೆಳಗಡೆ ಮಂಡಿಯೂರಿದ್ದೀರಲ್ಲ... ನಿಮ್ಮ ಪಕ್ಕ ಜಾಗ ಖಾಲಿ ಬಿಟ್ಟಿದ್ದೀರಿ. ಬರೆಯೋಕೆ ಮರೆತ್ರಾ?"

"ಮರೀಲಿಲ್ಲ. ಅವಳ ಒಪ್ಪಿಗೆ ಇಲ್ದೆ ಹೇಗೆ ಬರೀಲಿ?" ಅವನು ಅವಳತ್ತ ತಿರುಗಿದ. "ಬರೀಬಹುದಾ... ರೊಸೊಲೀನ್?"

ಅವಳು ಬಗ್ಗಿ ಮಡಕೆಯನ್ನು ಎತ್ತಿಕೊಂಡಳು. ಇನ್ನೊಂದು ಕೈಯಿಂದ ಅವನ ಕೈ ಹಿಡಿದಳು.

"ಬರೀರಿ. ಆದ್ರೆ ಅವಳ ಕೈಯಲ್ಲಿ ಡಾಂಬರಿನ ಕುಂಚ ಇರ್ಲಿ... ನೀವು ಇನ್ನೊಂದು ಸಲ ಬಾಯಿ ಮುಚ್ಕೊಂಡ್ರೆ ಬೇಕಾಗುತ್ತೆ!"